ನಿಲ್ಲಿಸಿ ಕೇಳುವ ಪಾಠ



ತರಗತಿಗೆ ಬಂದ ತಂತ್ರಜ್ಞಾನದಿಂದ ಪ್ರಾಥಮಿಕ ಶಾಲೆಯ ಮಕ್ಕಳ ಕಲಿಕೆಗೆ ಏನಾಯಿತು ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟಿದ್ದೀರಿ. ನಾನು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲೇ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ನಡುವೆ ಕೆಲವು ವರ್ಷ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ಸಿಆರ್‌ಪಿಯಾಗಿ ಊರೂರು ಸುತ್ತಿದ್ದೇನೆ. ಹಾಗಾಗಿ ನನ್ನ ಮಾತು ಒಂದು ಚೆಂಡು ಹೂವಿನಿಂದ ಶುರುವಾಗುತ್ತದೆ.

ಬಂಡೀಪುರದ ದಿಕ್ಕಿಗೆ ಇರುವ ಒಂದು ಊರು. ಶಾಲೆಯ ಚಾವಣಿಯ ಮೇಲೆ ಡಿಶ್, ಒಳಗೆ ಟಿವಿ. ಐದು, ಆರು, ಏಳನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಕೂರಿಸಿದ್ದೆ. ಬೆಂಗಳೂರಿನಿಂದ ಉಪಗ್ರಹದ ಮೂಲಕ ಬರುತ್ತಿದ್ದ ಅವತ್ತಿನ ಪಾಠ ಹೂವಿನ ಭಾಗಗಳು. ಪರದೆಯ ಮೇಲೆ ದೊಡ್ಡದೊಂದು ಕೆಂಪು ದಾಸವಾಳ. ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ಒಂದೊಂದನ್ನೇ ಬಿಡಿಸಿ ತೋರಿಸುತ್ತಿದ್ದರು. ಅಷ್ಟು ಚೆನ್ನಾಗಿ ನಾನು ಕರಿಹಲಗೆಯ ಮೇಲೆ ಬರೆದು ತೋರಿಸಲಾರೆ, ಆ ಮಾತನ್ನು ಒಪ್ಪಿಕೊಳ್ಳುತ್ತೇನೆ. ಆಗ ಐದನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ಅವನ ಅವ್ವ ಚೆಂಡು ಹೂ ಕೀಳುವ ಕೂಲಿಗೆ ಹೋಗುತ್ತಿದ್ದಳು, ರಜೆಯ ದಿನ ಅವನೂ ಹೋಗುತ್ತಿದ್ದ.

“ಸಾ, ನಮ್ ಚೆಂಡೂವ್ನಲ್ಲಿ ಇದ್ಯಾವ್ದೂ ಇಲ್ಲ ಕನ್ ಸಾ” ಎಂದ.

“ಸುಮ್ಕೆ ಕೂತ್ಕೊ, ಪಾಠ ಮುಂದ್ಕೋಯ್ತದ” ಎಂದೆ.

ಅವನು ಕುಳಿತ. ಪಾಠ ಮುಂದಕ್ಕೆ ಹೋಯಿತು.

ಆ ಹುಡುಗ ಕೇಳಿದ್ದು ಸಸ್ಯಶಾಸ್ತ್ರದ ಬಹಳ ಒಳ್ಳೆಯ ಪ್ರಶ್ನೆ. ಚೆಂಡು ಹೂ ಒಂದು ಹೂವಲ್ಲ, ಹೂಗಳ ಗೊಂಚಲು. ನಾವು ಎಸಳು ಎಂದುಕೊಂಡು ಕೀಳುವ ಒಂದೊಂದೂ ಒಂದೊಂದು ಪುಟ್ಟ ಹೂ, ಬುಡದಲ್ಲಿ ಅದರದೇ ಬೀಜ ಕಟ್ಟುತ್ತದೆ. ದಾಸವಾಳದ ಚಿತ್ರವನ್ನು ಇಟ್ಟುಕೊಂಡು ಹುಡುಕಿದರೆ ಚೆಂಡು ಹೂವಿನಲ್ಲಿ ಏನೂ ಸಿಗುವುದಿಲ್ಲ. ಹುಡುಗ ಹೂವನ್ನು ಸಾವಿರ ಸಲ ಕೈಯಲ್ಲಿ ಹಿಡಿದಿದ್ದ, ಹಿಡಿದದ್ದನ್ನೂ ನೋಡುತ್ತಿದ್ದುದನ್ನೂ ಅಲ್ಲೇ ಹೋಲಿಸಿದ. ವಿಜ್ಞಾನದ ಕಲಿಕೆ ಎಂದರೆ ಅದೇ. ಅದನ್ನು ತಡೆದವನು ನಾನು. ಬರುತ್ತಿದ್ದ ಪಾಠವನ್ನು ನಿಲ್ಲಿಸುವ ಗುಂಡಿ ನನ್ನ ಕೈಯಲ್ಲಿರಲಿಲ್ಲ, ಹುಡುಗನನ್ನು ನಿಲ್ಲಿಸುವ ಅಧಿಕಾರ ಮಾತ್ರ ಇತ್ತು. ಅದನ್ನು ಬಳಸಿದೆ. ಇವತ್ತಿಗೂ ಮನಸ್ಸಿಗೆ ನೋವಾಗುತ್ತದೆ.

ಈಗ ಆ ಡಿಶ್ಶಿನ ಹಿನ್ನೆಲೆಗೆ ಬರುತ್ತೇನೆ. ನಮ್ಮ ಜಿಲ್ಲೆಯ ಹೊಸ ಪೀಳಿಗೆಯ ಶಿಕ್ಷಕರಿಗೇ ಇದು ಗೊತ್ತಿಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾಗಿ ನಮ್ಮ ದೇಶ ಮಾಡಿದ ಮೊದಲ ಉಪಗ್ರಹ ಅದು. ಗ್ರಾಮೀಣ ಪ್ರಾಥಮಿಕ ಶಿಕ್ಷಣಕ್ಕೆ ಅದನ್ನು ಬಳಸಿ ನೋಡಲು ಆರಿಸಿಕೊಂಡದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನು. 1997ರಲ್ಲಿ ಮೈಸೂರಿನಿಂದ ಬೇರೆಯಾದ, ಹಿಂದುಳಿದದ್ದು ಎಂದು ಎಲ್ಲ ಪಟ್ಟಿಗಳಲ್ಲೂ ಸೇರುತ್ತಿದ್ದ ಜಿಲ್ಲೆ ನಮ್ಮದು. ಇಲ್ಲಿನ 885 ಪ್ರಾಥಮಿಕ ಶಾಲೆಗಳನ್ನು ಆ ಜಾಲಕ್ಕೆ ಸೇರಿಸಿದರು. ಪಾಠಗಳ ಹೊಣೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯದು. ಕಾಡಂಚಿನ ಶಾಲೆಯ ಮಗುವಿಗೂ ರಾಜಧಾನಿಯ ಒಳ್ಳೆಯ ಶಿಕ್ಷಕರ ಪಾಠ ಸಿಗಬೇಕು ಎಂಬುದು ಅದರ ಹಿಂದಿನ ಆಸೆ. ಆ ಆಸೆಯನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಆಕಾಶದ ಪಾಠ ಕನ್ನಡನಾಡಿಗೆ ಅದೇ ಮೊದಲೇನೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಬಂದಿತ್ತು. ಆಗ ಗುಲ್ಬರ್ಗ, ರಾಯಚೂರು, ವಿಜಾಪುರದ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿ ಅದನ್ನು ನೋಡಿದ್ದರು.

ನಮ್ಮ ಶಾಲೆಗಳಿಗೆ ಬಂದ ಸಲಕರಣೆ ಪಾಠವನ್ನು ಬರಮಾಡಿಕೊಳ್ಳುವುದಕ್ಕೆ ಮಾತ್ರ. ಮಗುವಿನ ಪ್ರಶ್ನೆಯನ್ನು ಆ ಕಡೆಗೆ ಕಳಿಸುವ ದಾರಿ ಅದರಲ್ಲಿರಲಿಲ್ಲ. ಹೊತ್ತಿಗೆ ಸರಿಯಾಗಿ ಪಾಠ ಬರುತ್ತದೆ, ಆ ಹೊತ್ತಿಗೆ ಕರೆಂಟ್ ಇರಬೇಕು, ಬ್ಯಾಟರಿಗೆ ಬಟ್ಟಿ ನೀರು ಹಾಕಿರಬೇಕು, ಕೋತಿಗಳು ಕೇಬಲ್ ಕಿತ್ತಿರಬಾರದು. ಇವೆಲ್ಲ ಕೂಡಿಬಂದ ದಿನಗಳಲ್ಲಿ ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು. ಸಮುದ್ರವನ್ನು ಕಾಣದ ಮಕ್ಕಳು ಅಲೆಯನ್ನು ನೋಡಿದರು. ಹೃದಯ ಬಡಿಯುವುದನ್ನು, ಭೂಮಿ ಓರೆಯಾಗಿ ನಿಂತು ಸುತ್ತುವುದನ್ನು ನೋಡಿದರು. ಇದನ್ನು ಸಣ್ಣದೆಂದು ಯಾರೂ ಹೇಳಬಾರದು. ಭೂಮಿಯ ಓರೆಯನ್ನು ನಾನು ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿ ಎಷ್ಟೋ ವರ್ಷ ತೋರಿಸಿದ್ದೇನೆ, ಋತುಗಳು ಬದಲಾಗುವುದು ಮಕ್ಕಳ ತಲೆಗೆ ಹತ್ತಿದ್ದು ಟಿವಿ ನೋಡಿದ ಮೇಲೆ.

2010ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ಅದಕ್ಕೂ ಮುಂಚೆಯೇ ಎಷ್ಟೋ ಶಾಲೆಗಳಲ್ಲಿ ಪಾಠದ ಹೊತ್ತಿಗೆ ಟಿವಿ ಹಚ್ಚುವುದು ನಿಂತಿತ್ತು. ನಾನು ಸಿಆರ್‌ಪಿಯಾಗಿ ಹೋದಾಗ ಮುಖ್ಯೋಪಾಧ್ಯಾಯರು ದಾಸ್ತಾನು ವಹಿ ತೆಗೆದು ತೋರಿಸುತ್ತಿದ್ದರು: ಟಿವಿ ಒಂದು, ಡಿಶ್ ಒಂದು, ಬ್ಯಾಟರಿ ಒಂದು. ಕೆಟ್ಟದ್ದನ್ನು ರಿಪೇರಿ ಮಾಡಿಸಲು ದುಡ್ಡು ಯಾವ ತಲೆಬರಹದಲ್ಲಿ ಖರ್ಚು ಹಾಕಬೇಕು ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ. ಕೊಳ್ಳುವುದಕ್ಕೆ ಅನುದಾನ ಇರುತ್ತಿತ್ತು, ಉಳಿಸಿಕೊಳ್ಳುವುದಕ್ಕೆ ಇರುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಇನ್ನೊಂದು ಪಾಠ ಬರುತ್ತಿತ್ತು, ರೇಡಿಯೊದ್ದು. ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ಮುಂದೆ ‘ಕೇಳಿ ಕಲಿ’. ರೇಡಿಯೊದಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಆದರೂ ‘ಚುಕ್ಕಿ’ಯ ಪಾಠದಲ್ಲಿ ಮಕ್ಕಳು ಟಿವಿ ಪಾಠಕ್ಕಿಂತ ಹೆಚ್ಚು ಬಾಯಿ ಬಿಡುತ್ತಿದ್ದರು. ಅದಕ್ಕೆ ಕಾರಣ ಇದೆ. ಆ ಪಾಠಗಳನ್ನು ಬರೆದವರು ನಡುನಡುವೆ ಜಾಗ ಬಿಡುತ್ತಿದ್ದರು. ರೇಡಿಯೊದ ಅಕ್ಕ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಆ ನಾಲ್ಕೈದು ಸೆಕೆಂಡಿನಲ್ಲಿ ಇಡೀ ತರಗತಿ ಒಟ್ಟಿಗೆ ಉತ್ತರ ಕೂಗುತ್ತಿತ್ತು, ಎದ್ದು ಕುಣಿಯುತ್ತಿತ್ತು, ಬೆರಳು ಮಡಚಿ ಎಣಿಸುತ್ತಿತ್ತು. ಆಮೇಲೆ ಅಕ್ಕ ಮುಂದಿನ ಮಾತು. ಈ ಕ್ರಮವನ್ನು 1974ರಿಂದ ನಿಕರಾಗುವಾ ದೇಶದಲ್ಲಿ ಗಣಿತ ಕಲಿಸಲು ರೂಪಿಸಿದರು, ಅಲ್ಲಿಂದ ಅನೇಕ ಬಡ ದೇಶಗಳಿಗೆ ಹರಡಿತು. ರೇಡಿಯೊಗೆ ಮಗುವಿನ ಉತ್ತರ ಕೇಳಿಸುವುದಿಲ್ಲ. ಆದರೆ ಮಗು ಉತ್ತರಿಸುತ್ತದೆ ಎಂದು ನಂಬಿ ಅದು ಕಾಯುತ್ತದೆ.

ಈ ಕಾಯುವುದು ನಮ್ಮ ಸೀಮೆಗೆ ಹೊಸದಲ್ಲ. ಮಾದೇಶ್ವರನ ಕಥೆ, ಮಂಟೇಸ್ವಾಮಿ ಕಥೆ ರಾತ್ರಿಯಿಡೀ ನಡೆಯುವ ಜಿಲ್ಲೆ ಇದು. ಮುಂದಾಳು ಒಂದು ಸಾಲು ಹೇಳಿದ ಮೇಲೆ ಹಿಮ್ಮೇಳದವರು ಎತ್ತಿಕೊಳ್ಳದಿದ್ದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗಲೂ ಯಾರಾದರೂ ಹೂಂಗುಟ್ಟುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಅಜ್ಜಿ “ಮಲೀಕಂಡ್ಯೇನ್ಲಾ?” ಎಂದು ಕೇಳುತ್ತಾಳೆ. ಮಗು ಎಚ್ಚರವಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವ ಆ ವಿದ್ಯೆ ಅಜ್ಜಿಗೆ ಗೊತ್ತು, ಮೇಷ್ಟ್ರಿಗೂ ಗೊತ್ತು. ಗೋಡೆಯ ಮೇಲಿನ ಟಿವಿಗೆ ಗೊತ್ತಿಲ್ಲ.

ಹೊರಗಿನವರ ಅಧ್ಯಯನಗಳೂ ನಾನು ಕಂಡದ್ದಕ್ಕೆ ಹತ್ತಿರವಾಗಿಯೇ ಇವೆ. ಪೆರು ದೇಶದಲ್ಲಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂತು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿರಲಿಲ್ಲ. ನಮ್ಮ ದೇಶದ ವಡೋದರಾದಲ್ಲಿ ನಾಲ್ಕನೇ ತರಗತಿಯ ಮಕ್ಕಳನ್ನು ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿದರು. ಇದನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು, ಮುಂದೆ 2019ರಲ್ಲಿ ನೊಬೆಲ್ ಪಡೆದವರು. ಗಣಿತದ ಅಂಕ ಚೆನ್ನಾಗಿಯೇ ಏರಿತು, ಕಾರ್ಯಕ್ರಮ ಮುಗಿದ ಒಂದು ವರ್ಷದಲ್ಲಿ ಬಹುಪಾಲು ಇಳಿದೂ ಹೋಯಿತು. ಅದೇ ಅಧ್ಯಯನದಲ್ಲಿ ಬಾಲಸಖಿಯರ ವಿಚಾರವೂ ಇದೆ. ಅದೇ ಬಡಾವಣೆಯ ಓದಿದ ಹೆಣ್ಣುಮಕ್ಕಳು ಹಿಂದುಳಿದ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಟ್ಟರು. ಖರ್ಚಿಗೆ ಹೋಲಿಸಿದರೆ ಬಾಲಸಖಿಯರದೇ ಹೆಚ್ಚು ಫಲ. ಗುಜರಾತಿನದೇ ಇನ್ನೊಂದು ಅಧ್ಯಯನ ಲೀ ಲಿಂಡನ್ ಅವರದು. ಶಿಕ್ಷಕರ ಪಾಠದ ಹೊತ್ತನ್ನು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳ ಕಲಿಕೆ ಕುಸಿಯಿತು, ಪಾಠ ಮುಗಿದ ಮೇಲೆ ಹೆಚ್ಚಿನದಾಗಿ ಕೊಟ್ಟ ಕಡೆ ಏರಿತು. ಯಂತ್ರ ಅದೇ, ತಂತ್ರಾಂಶ ಅದೇ. ಬದಲಾದದ್ದು ಅದು ಶಿಕ್ಷಕರ ಜಾಗದಲ್ಲಿ ಕೂತಿತೋ ಪಕ್ಕದಲ್ಲಿ ಕೂತಿತೋ ಎಂಬುದಷ್ಟೇ.

ನಮ್ಮ ರಾಜ್ಯದ್ದೇ ಒಂದು ಉತ್ತೇಜನದ ಮಾತನ್ನೂ ಹೇಳಬೇಕು. ಉಪಗ್ರಹದ ಮೂಲಕವೇ, ಶಿಕ್ಷಕರ ಪಾಠಕ್ಕೆ ಪೂರಕವಾಗಿ ಗ್ರಾಮೀಣ ಸರ್ಕಾರಿ ಶಾಲೆಗಳಿಗೆ ಪಾಠ ಕೊಟ್ಟು ನೋಡಿದ ಬೆಂಗಳೂರು ಐಐಎಂನ ಗೋಪಾಲ್ ನಾಯಕ್ ಮತ್ತು ಸಂಗಡಿಗರು 1,823 ಶಾಲೆಗಳ ಲೆಕ್ಕ ಹಾಕಿ, ಮಕ್ಕಳ ಕಲಿಕೆ ಸುಧಾರಿಸಿದೆ ಎಂದು 2020ರಲ್ಲಿ ಪ್ರಕಟಿಸಿದರು. ಆದ್ದರಿಂದ ಯಂತ್ರವೇ ಬೇಡ ಎಂಬವರ ಜೊತೆ ನಾನು ಸೇರುವುದಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಈ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರದ ಜೊತೆ ಸೇರಿ ಹಳ್ಳಿಯ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ನಡೆಸಿತು, ಕನ್ನಡದಲ್ಲಿ ಸೊಗಸಾದ ಸಿ.ಡಿ.ಗಳನ್ನು ಮಾಡಿತು. ಕೊನೆಗೆ 2010ರಲ್ಲಿ ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ ಅವರೇ, ಶಾಲೆಯ ನಿಜವಾದ ತೊಡಕುಗಳಿಗೆ ಇದು ಪರಿಹಾರವಾಗದು ಎಂಬ ಅರ್ಥದಲ್ಲಿ ಪತ್ರಿಕೆಯಲ್ಲಿ ಬರೆದರು. ದೊಡ್ಡ ಕಂಪ್ಯೂಟರ್ ಉದ್ಯಮದ ಮನೆಯಿಂದ ಬಂದ ಆ ಮಾತಿಗೆ ತೂಕವಿದೆ. ಇಂಥ ಕೇಂದ್ರಗಳಲ್ಲಿ ನಾನು ಕಂಡದ್ದನ್ನು ಹೇಳುವುದಾದರೆ, ಒಂದು ಕಂಪ್ಯೂಟರಿಗೆ ಮೂವರು ಮಕ್ಕಳು ಕೂತರೆ ಮೌಸ್ ಗಟ್ಟಿ ಹುಡುಗನ ಕೈಯಲ್ಲಿರುತ್ತಿತ್ತು. ಮೂಲೆಯ ಹುಡುಗಿ ಅವನ ಭುಜದ ಮೇಲಿಂದ ನೋಡುತ್ತಿದ್ದಳು. ಸಾಲು ಬದಲಿಸಿ ಎಂದು ಹೇಳುವ ಶಿಕ್ಷಕಿ ಇದ್ದ ಕಡೆ ಮಾತ್ರ ಮೌಸ್ ಅವಳ ಕೈಗೆ ಬಂತು.

ಭಾಷೆಯ ವಿಚಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಂತ್ರಜ್ಞಾನದ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಪರದೆಯಲ್ಲಿ ಬರುವುದು ಸ್ಟುಡಿಯೊ ಕನ್ನಡ. ಮಗುವಿನದು ‘ಅದ, ಬಂದದ, ಓಯ್ತದ’ ಎನ್ನುವ ಕನ್ನಡ. ಬಿಳಿಗಿರಿರಂಗನ ಬೆಟ್ಟದ, ಬಂಡೀಪುರದಂಚಿನ ಸೋಲಿಗರ, ಜೇನುಕುರುಬರ ಮಕ್ಕಳ ಮನೆಮಾತು ಇನ್ನೂ ಬೇರೆ. ಚಾಮರಾಜನಗರ ಪಟ್ಟಣದ ಬೀದಿಗಳಲ್ಲಿ ಉರ್ದು, ತಮಿಳು ಆಡುವ ಮಕ್ಕಳಿದ್ದಾರೆ. ಪರದೆ “ಬಾಷ್ಪೀಕರಣ” ಎಂದಾಗ ಮಕ್ಕಳು ಸುಮ್ಮನೆ ಕೂತಿರುತ್ತಾರೆ. ಅರ್ಥವಾಗಿದೆ ಎಂದುಕೊಂಡು ಪರದೆ ಮುಂದೆ ಹೋಗುತ್ತದೆ. “ಒಗ್ದಾಕಿದ್ ಬಟ್ಟೆ ಒಣುಗ್ದಾಗ ಅದ್ರಲ್ಲಿದ್ ನೀರು ಎಲ್ಗೋಯ್ತು?” ಎಂದು ಪಕ್ಕದಲ್ಲಿ ನಿಂತವರು ಕೇಳಿದರೆ ಹತ್ತು ಕೈ ಮೇಲೇಳುತ್ತವೆ. ಪುಸ್ತಕದ ಪದ ಮಗುವಿಗೆ ಬೇಕು, ಬೇಡ ಎನ್ನುವುದಿಲ್ಲ. ಅದರ ಬಳಿಗೆ ಮಗು ತನ್ನ ಮನೆಮಾತಿನಿಂದಲೇ ನಡೆದುಹೋಗಬೇಕು, ಆಗ ಕೈ ಹಿಡಿಯಲು ಯಾರಾದರೂ ಜೊತೆಗಿರಬೇಕು.

ಒಂದರಿಂದ ಮೂರನೇ ತರಗತಿಯವರೆಗೆ ಪರದೆ ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ವಯಸ್ಸಿಗೆ ಬೇಕಾದ ತಂತ್ರಜ್ಞಾನ ನಮ್ಮ ಮಗ್ಗುಲಲ್ಲೇ ಹುಟ್ಟಿದೆ. ಗುಂಡ್ಲುಪೇಟೆಯ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ, ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿಕಲಿ ಶುರುಮಾಡಿದರು. ಗೋಡೆಯ ಮೇಲೆ ಕಲಿಕಾ ಏಣಿ, ತಟ್ಟೆಗಳಲ್ಲಿ ಕಾರ್ಡುಗಳು, ತಲೆಯ ಮೇಲೆ ಚಪ್ಪರ. ಒಂದು ತಟ್ಟೆಯ ಸುತ್ತ ಶಿಕ್ಷಕರು ಪೂರ್ತಿ ಹೇಳಿಕೊಡಬೇಕಾದ ಮಕ್ಕಳು, ಇನ್ನೊಂದರ ಸುತ್ತ ಗೆಳೆಯರ ಸಹಾಯದಿಂದ ಕಲಿಯುವವರು, ಮತ್ತೊಂದರಲ್ಲಿ ತಾವೇ ಕಲಿಯುವವರು. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ತನ್ನ ವೇಗದಲ್ಲಿ. ಇವತ್ತು ದುಬಾರಿ ಆ್ಯಪ್‌ಗಳು ಹೊಸದೆಂದು ಮಾರುವುದು ಇದೇ ತತ್ವವನ್ನು. ಕರೆಂಟ್ ಹೋದರೂ ಕಾರ್ಡು ಕೆಲಸ ಮಾಡುತ್ತದೆ. ಅಕ್ಷರವನ್ನು ಬೆರಳಿನಿಂದ ಮರಳಿನಲ್ಲಿ ತಿದ್ದಿ, ಸ್ಲೇಟಿನಲ್ಲಿ ಬರೆದು ಒರೆಸಿ ಬರೆದ ಮಗುವಿನ ಕೈಗೆ ಬರುವ ನೆನಪು ಗಾಜಿನ ಮೇಲೆ ಬೆರಳೊತ್ತಿದ ಮಗುವಿಗೆ ಬರುವುದನ್ನು ನಾನು ಕಂಡಿಲ್ಲ.

ಕೊರೊನಾ ಕಾಲ ಎಲ್ಲವನ್ನೂ ಬಿಚ್ಚಿಟ್ಟಿತು. ಪಾಠವೆಲ್ಲ ಮೊಬೈಲಿಗೆ ಹೋಯಿತು, ಮೊಬೈಲು ಅಪ್ಪನ ಜೊತೆ ಕೇರಳದ ಶುಂಠಿ ಹೊಲಕ್ಕೆ, ಕೊಡಗಿನ ತೋಟಕ್ಕೆ ಹೋಗಿತ್ತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ಟಿವಿ ಇದ್ದ ಮನೆಯ ದೊಡ್ಡ ಮಕ್ಕಳಿಗೆ ಅನುಕೂಲವಾಯಿತು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರು ಅರಳಿಕಟ್ಟೆಗೆ, ದೇವಸ್ಥಾನದ ಜಗಲಿಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಒಂದರಿಂದ ಐದನೇ ತರಗತಿಯವರಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಹೊತ್ತಿಗೆ ಎರಡನೇ ತರಗತಿಯ ಮಗು ಒಂದನೇ ತರಗತಿಯಲ್ಲೂ ಕೂತಿರಲಿಲ್ಲ. ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 27.3 ಇದ್ದರು, 2022ರಲ್ಲಿ 20.5ಕ್ಕೆ ಇಳಿದರು. ಇದು ‘ಅಸರ್’ ಸಮೀಕ್ಷೆಯ ಲೆಕ್ಕ. ಕೈಗೆ ಮೊಬೈಲು ಹಿಂದೆಂದಿಗಿಂತ ಹೆಚ್ಚು ಬಂದ ವರ್ಷಗಳಲ್ಲೇ ಓದು ಹೀಗೆ ಇಳಿಯಿತು.

ಕೆಲವು ಮಳೆಗಾಲಗಳ ಹಿಂದೆ, ನಿವೃತ್ತಿಯ ಹತ್ತಿರ, ಗುಂಡ್ಲುಪೇಟೆ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಓಣಂ ಮುಂದಿತ್ತು, ಚೆಂಡು ಹೂವಿನ ಹೊಲಗಳೆಲ್ಲ ಹಳದಿ. ಐದನೇ ತರಗತಿಯ ಯುವ ಶಿಕ್ಷಕಿ ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ತಮ್ಮ ಮೊಬೈಲು ಹಿಡಿದು, ಸರ್ಕಾರದ ‘ದೀಕ್ಷಾ’ ಕಲಿಕಾ ಜಾಲತಾಣದ ವಿಡಿಯೊವನ್ನು ಗೋಡೆಗೆ ಬಿಟ್ಟರು. ಹೂವಿನ ಭಾಗಗಳ ಪಾಠ. ಒಂದು ನಿಮಿಷ ಆಗಿತ್ತೋ ಇಲ್ಲವೋ, ಹುಡುಗಿಯೊಬ್ಬಳು “ಮಿಸ್, ಚೆಂಡೂವ್ಗೆ ಕೇಸ್ರ ಎಲ್ಲದ?” ಎಂದಳು.

ನನ್ನ ಎದೆ ಹೊಡೆದುಕೊಂಡಿತು. ಶಿಕ್ಷಕಿ ಬೆರಳೊತ್ತಿ ವಿಡಿಯೊ ನಿಲ್ಲಿಸಿದರು. “ನಂಗೂ ನೋಡ್ಬೇಕು, ತಗಬನ್ನಿ” ಎಂದರು. ಇಬ್ಬರು ಓಡಿಹೋಗಿ ಬೇಲಿಯಾಚೆಯ ಅಜ್ಜಿಯನ್ನು ಕೇಳಿ ಎಂಟು ಹತ್ತು ಹೂ ತಂದರು. ನೆಲದ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಎಸಳು ಬಿಡಿಸಿದರು. ಒಂದೊಂದು ಎಸಳಿನ ಬುಡದಲ್ಲೂ ತೆಳ್ಳಗಿನ ಕಡ್ಡಿಯಂಥ ಎಳೆ ಬೀಜ. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಎಸಳಿನ ಬುಡದಿಂದ ಎರಡು ಕೋಡಾಗಿ ಸೀಳಿದ ಎಳೆಯೊಂದು ಹೊರಟದ್ದನ್ನು ಆ ಹುಡುಗಿಯೇ ಮೊದಲು ಕಂಡಳು. ಅದು ಶಲಾಕೆಯ ತುದಿ. “ಹಂಗಾರೆ ಇದೊಂದೊಂದೂ ಒಂದೊಂದ್ ಊವ?” ಎಂದಳು. ಶಿಕ್ಷಕಿ ಹೌದು ಎನ್ನಲಿಲ್ಲ. “ನೀವೇ ಹೇಳಿ” ಎಂದು ಉಳಿದವರ ಕಡೆ ತಿರುಗಿದರು. ಆಮೇಲೆ ದಾಸವಾಳದ ವಿಡಿಯೊ ಮತ್ತೆ ಶುರುವಾಯಿತು, ಈಗ ಮಕ್ಕಳು ಎರಡನ್ನೂ ಹೋಲಿಸಿ ನೋಡಿದರು. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ವಿಡಿಯೊ ಕೊನೆಯವರೆಗೆ ಓಡಲಿಲ್ಲ.

ನಾನು ಚಾಪೆಯ ಮೇಲೆ ಕೂರಿಸಿದ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವತ್ತು. ಅವನು ಆ ಹೊತ್ತಿಗೆ ದೊಡ್ಡವನಾಗಿ ಎಲ್ಲೋ ದುಡಿಯುತ್ತಿದ್ದಿರಬೇಕು.

ಎರಡು ತಾಲ್ಲೂಕುಗಳ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರು, ಹಳೆಯ ವಿದ್ಯಾರ್ಥಿ ಸಂಘದವರು ಇಲ್ಲಿ ಬಂದಿದ್ದೀರಿ. ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸಬೇಕೆಂದು ಚಂದಾ ಎತ್ತುತ್ತಿರುವವರೂ ನಿಮ್ಮಲ್ಲಿದ್ದೀರಿ. ಕೊಡಿಸಿ, ಬೇಡ ಎನ್ನಲಾರೆ. ಚಂದಾದಲ್ಲಿ ಒಂದು ಪಾಲನ್ನು ರಿಪೇರಿಗೆಂದು ಶಾಲೆಯ ಖಾತೆಯಲ್ಲೇ ಬಿಡಿ. ಗೋಡೆಗೆ ಹಾಕುವ ಮೊದಲು ಕಲಿಸುವವರನ್ನು ಕೂರಿಸಿಕೊಂಡು ಯಾವ ಪಾಠಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಕೇಳಿ. ಉದ್ಘಾಟನೆ ಮುಗಿದ ಮೇಲೆ ಆ ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ತರಗತಿಯಲ್ಲಿ ಪಾಠ ಮಾಡುವವರ ಕೈಗೇ ಕೊಡಿ. ಮಗು ಎದ್ದು ನಿಂತ ಗಳಿಗೆಯಲ್ಲಿ ಅವರು ಪಾಠವನ್ನು ನಿಲ್ಲಿಸಬೇಕು.